ಪಿಂಚ್‌ಗಟ್‌ನ ತೋಪು, ಅಪ್ಪನ ವಾಚು

ಅಪ್ಪನ ಎಚ್‌ಎಂಟಿ ಜನತಾ ವಾಚು ದಿನಕ್ಕೆ ಹನ್ನೊಂದು ಸೆಕೆಂಡು ಹಿಂದೆ ಬೀಳುತ್ತದೆ. ಹತ್ತಲ್ಲ, ಹನ್ನೆರಡಲ್ಲ. ನಮ್ಮ ಮನೆಯಲ್ಲಿ ಎಲ್ಲರಿಗೂ ಇದು ಬಾಯಿಪಾಠ. ಬೆಳಗಿನ ಆಕಾಶವಾಣಿ ವಾರ್ತೆಗೆ ಮುಂಚೆ ಪೀಪ್ ಪೀಪ್ ಎಂದು ಬರುವ ಸದ್ದಿಗೆ ಅಪ್ಪ ವಾಚಿನ ಕೀಲಿಯನ್ನು ಎಳೆದು ಹಿಡಿದು ಕೂರುತ್ತಿದ್ದರು. ಕೊನೆಯ ಪೀಪ್‌ಗೆ ಸರಿಯಾಗಿ ಒಳಕ್ಕೆ ಒತ್ತುತ್ತಿದ್ದರು. ಆ ಹೊತ್ತಿನಲ್ಲಿ ಯಾರೂ ಮಾತನಾಡುವಂತಿರಲಿಲ್ಲ. ಕುಕ್ಕರ್ ಸೀಟಿ ಹಾಕೀತೆಂದು ಅಮ್ಮ ಒಲೆ ಸಣ್ಣ ಮಾಡುತ್ತಿದ್ದಳು.

ಇದು ಖಯಾಲಿಯಲ್ಲ, ಉದ್ಯೋಗದಿಂದ ಅಂಟಿದ ಚಾಳಿ. ಅಪ್ಪ ಕಾರವಾರದ ಬೈತಖೋಲಿನಲ್ಲಿ ಬಂದರು ಕಚೇರಿಯ ಗುಮಾಸ್ತರಾಗಿದ್ದರು. ಕಡತ, ರಸೀದಿ, ಬಾಡಿಗೆ ಲೆಕ್ಕಗಳ ನಡುವೆ ಅವರ ಪಾಲಿಗೆ ಬಂದಿದ್ದ ಇನ್ನೊಂದು ಕೆಲಸ ಉಬ್ಬರ ಇಳಿತದ ಅಳತೆಯನ್ನು ಬರೆದಿಡುವುದು. ಕಾರವಾರದವರು ಅದನ್ನು ಭರತಿ, ಸುಕತಿ ಎನ್ನುತ್ತಾರೆ. ನೀರು ಎಷ್ಟು ಏರಿತು ಎನ್ನುವುದರ ಜೊತೆಗೆ ಯಾವಾಗ ಏರಿತು ಎನ್ನುವುದೂ ಬರೆಯಬೇಕಲ್ಲ. ವಾಚು ತಪ್ಪಿದರೆ ಸಮುದ್ರವೇ ತಪ್ಪಿದ ಹಾಗೆ ಕಾಗದದ ಮೇಲೆ ಕಾಣುತ್ತದೆ ಎಂದು ಅಪ್ಪ ಹೇಳುತ್ತಿದ್ದರು. ನಿವೃತ್ತರಾಗಿ ಹದಿಮೂರು ವರ್ಷವಾದರೂ ಪೀಪ್ ಸದ್ದು ಕೇಳದೆ ಅವರಿಗೆ ಚಹಾ ಇಳಿಯುತ್ತಿರಲಿಲ್ಲ.

2016ರ ಡಿಸೆಂಬರಿನಲ್ಲಿ ಅಪ್ಪ, ಅಮ್ಮ ಇಬ್ಬರೂ ಸಿಡ್ನಿಗೆ ನಮ್ಮ ಮನೆಗೆ ಬಂದರು. ಅಮ್ಮ ಎರಡೇ ದಿನದಲ್ಲಿ ಹೊಂದಿಕೊಂಡು, ಪಕ್ಕದ ಬೀದಿಯ ಇಂಡಿಯನ್ ಅಂಗಡಿಯಲ್ಲಿ ಸೊಪ್ಪಿನ ದರಕ್ಕೆ ಜಗಳವಾಡುವ ಮಟ್ಟಿಗೆ ಊರವಳಾದಳು. ಅಪ್ಪನದೇ ಸಮಸ್ಯೆ. ನಾಲ್ಕನೇ ದಿನ ಬೆಳಿಗ್ಗೆ ಊಟದ ಮೇಜಿನಲ್ಲಿ ಕೂತು ಮಣಿಕಟ್ಟನ್ನೇ ನೋಡುತ್ತಾ, "ನಲವತ್ತನಾಲ್ಕು ಆಯಿತು" ಎಂದರು. ನಾನು ಮೊಬೈಲ್ ತೋರಿಸಿದೆ. "ಇದಕ್ಕೆ ಗಂಟೆ ಎಲ್ಲಿಂದ ಬರುತ್ತದೆ, ತೋರಿಸು" ಎಂದರು. ಉಪಗ್ರಹ, ಸರ್ವರ್ ಎಂದೇನೋ ವಿವರಿಸಿದೆ. ಕಣ್ಣಿಗೆ ಕಾಣದ ಕಡೆಯಿಂದ ಬರುವ ಗಂಟೆಯನ್ನು ಅವರು ಒಪ್ಪಲಿಲ್ಲ. ರೇಡಿಯೋ ಪೀಪ್ ಮಾತ್ರ ಕಣ್ಣಿಗೆ ಕಾಣುತ್ತಿತ್ತೇ ಎಂದು ಕೇಳುವ ಧೈರ್ಯ ನನಗಿರಲಿಲ್ಲ.

ಆಗ ನೆನಪಾದದ್ದು ತೋಪು. ನನ್ನ ಕಚೇರಿ ಸಿಡ್ನಿಯ ನಡುಪೇಟೆಯಲ್ಲಿದೆ. ಊಟದ ವಿರಾಮದಲ್ಲಿ ಉದ್ಯಾನದ ಕಡೆ ನಡೆಯಲು ಹೋದಾಗ ಸರಿಯಾಗಿ ಒಂದು ಗಂಟೆಗೆ ನೀರಿನ ಮೇಲಿಂದ ಢಂ ಎನ್ನುತ್ತಿತ್ತು. ಮೊದಲ ಸಲ ಕೇಳಿದಾಗ ಕೈಯಲ್ಲಿದ್ದ ಸ್ಯಾಂಡ್‌ವಿಚ್ ಹುಲ್ಲಿಗೆ ಬಿದ್ದು, ಕಡಲಹಕ್ಕಿಗಳಿಗೆ ಹಬ್ಬವಾಗಿತ್ತು. ಬಂದರಿನ ನಡುವೆ, ಒಪೆರಾ ಹೌಸಿನಿಂದ ಪೂರ್ವಕ್ಕೆ ಒಂದು ಕಿಲೋಮೀಟರಿನಷ್ಟು ದೂರದಲ್ಲಿ, ಕಲ್ಲಿನ ಹಡಗಿನ ಹಾಗೆ ಕೂತಿರುವ ಚಿಕ್ಕ ದ್ವೀಪ ಅದು. ಹೆಸರು ಫೋರ್ಟ್ ಡೆನಿಸನ್. ಹಳಬರ ಬಾಯಲ್ಲಿ ಪಿಂಚ್‌ಗಟ್. ಒಂದು ತುದಿಯಲ್ಲಿ ದುಂಡು ಗೋಪುರ, ಗೋಪುರದ ನೆತ್ತಿಯಲ್ಲಿ ದೀಪಸ್ತಂಭದ ದೀಪ. "ಅಲ್ಲಿ ದಿನಾ ಒಂದು ಗಂಟೆಗೆ ತೋಪು ಹಾರಿಸುತ್ತಾರೆ ಅಪ್ಪ, ಹಡಗಿನವರು ಗಡಿಯಾರ ಸರಿ ಮಾಡಿಕೊಳ್ಳಲಿ ಎಂದು ಶುರು ಮಾಡಿದ್ದಂತೆ" ಎಂದೆ. ಅಪ್ಪ ಆಗಲೇ ಚಪ್ಪಲಿ ಹುಡುಕುತ್ತಿದ್ದರು.

ಮೊದಲ ದಿನ ದ್ವೀಪಕ್ಕೆ ಹೋಗಲಿಲ್ಲ. ಅದಕ್ಕೆದುರಾಗಿ ಚಾಚಿಕೊಂಡಿರುವ ಭೂಮಿಯ ತುದಿಯಲ್ಲಿ ಮಿಸೆಸ್ ಮೆಕ್ವಾರಿಯ ಕುರ್ಚಿ ಎಂಬ ಜಾಗವಿದೆ. 1810ರಲ್ಲಿ ಗವರ್ನರರ ಹೆಂಡತಿ ಕೂತು ಕಡಲು ನೋಡಲೆಂದು ಕೈದಿಗಳು ಬಂಡೆಯಲ್ಲೇ ಕಡಿದ ಆಸನ. ಅಪ್ಪ ಅದರ ಹತ್ತಿರ ಹನ್ನೆರಡೂವರೆಗೇ ಬಂದು ನಿಂತರು. ಅಲ್ಲಿ ಮದುವೆಯ ಫೋಟೋ ತೆಗೆಸಿಕೊಳ್ಳುತ್ತಿದ್ದ ಜೋಡಿಯೊಂದರ ಎಲ್ಲ ಚಿತ್ರಗಳಲ್ಲೂ, ಬಿಳಿ ಅಂಗಿ ತೊಟ್ಟು ಮಣಿಕಟ್ಟು ಎತ್ತಿ ಹಿಡಿದ ಮುದುಕರೊಬ್ಬರು ಹಿನ್ನೆಲೆಯಲ್ಲಿದ್ದಾರು.

ಹೊಗೆ ಎದ್ದಿತು. ಬಿಳಿಯ ಸಣ್ಣ ಉಂಡೆ. ಅಪ್ಪ ಕೀಲಿ ಒತ್ತಿಬಿಟ್ಟರು. ಆಮೇಲೆ ಬಂತು ಸದ್ದು. ಮದುಮಗಳು ಕಿರುಚಿದಳು. ನಾನು, "ಅಯ್ಯೋ ಅಪ್ಪ, ತೋಪಿಗೆ ಮೊದಲೇ ಒತ್ತಿಬಿಟ್ಟಿರಲ್ಲ" ಎಂದೆ.

ಅವರು ನನ್ನನ್ನು ನೋಡಿದ ರೀತಿ ಹೈಸ್ಕೂಲಿನ ಗಣಿತದ ಅಂಕಪಟ್ಟಿ ಹಿಡಿದಾಗಿನದೇ. "ಕೂಸೇ, ಹೊಗೆಗೆ ಒತ್ತಬೇಕು. ಸದ್ದಿಗೆ ಒತ್ತುವವನು ದಡ್ಡ. ಒಂದೂವರೆ ಸೆಕೆಂಡು ಕಳೆದು ಬಂತು ಅದು. ಅಂದರೆ ದ್ವೀಪ ಇಲ್ಲಿಂದ ಅರ್ಧ ಕಿಲೋಮೀಟರಿನ ಆಸುಪಾಸಿನಲ್ಲಿದೆ." ಆಮೇಲೆ ಬೆಂಚಿನ ಮೇಲೆ ಕೂತು ಮೊಸರವಲಕ್ಕಿ ತಿನ್ನುತ್ತಾ ಪೂರ್ತಿ ಪಾಠವಾಯಿತು. ನಡುಗಡಲಿನಲ್ಲಿ ಹಡಗು ಪೂರ್ವ ಪಶ್ಚಿಮದಲ್ಲಿ ಎಲ್ಲಿದೆ ಎಂದು ತಿಳಿಯಲು ನಿಖರವಾದ ಗಡಿಯಾರ ಬೇಕು. ನಾಲ್ಕು ನಿಮಿಷ ತಪ್ಪಿದರೆ ಒಂದು ರೇಖಾಂಶ ತಪ್ಪಿದ ಹಾಗೆ. ನಾಲ್ಕೇ ಸೆಕೆಂಡು ತಪ್ಪಿದರೂ ಸಮಭಾಜಕದ ಹತ್ತಿರ ಒಂದು ನಾವಿಕ ಮೈಲಿ ಎಡವಟ್ಟು. ಅಷ್ಟು ಸಾಕು ಬಂಡೆಗೆ ಹೊಡೆಯಲು. ಅದಕ್ಕೇ ಬಂದರಿನಿಂದ ಹೊರಡುವ ಮುಂಚೆ ಹಡಗಿನವರು ಗಡಿಯಾರ ಸರಿಮಾಡಿಕೊಳ್ಳುತ್ತಿದ್ದರು. ಸಿಡ್ನಿಯಲ್ಲಿ ಇದಕ್ಕಾಗಿ ಗುಡ್ಡದ ಮೇಲಿನ ವೀಕ್ಷಣಾಲಯದ ಗೋಪುರದಿಂದ 1858ರಿಂದ ದಿನವೂ ಒಂದು ಗಂಟೆಗೆ ದೊಡ್ಡ ಚೆಂಡೊಂದನ್ನು ಕೆಳಗಿಳಿಸುತ್ತಿದ್ದರು. ಅದರ ಜೊತೆಗೆ ಹಾರಿಸುವ ತೋಪು 1906ರಲ್ಲಿ ಈ ದ್ವೀಪಕ್ಕೆ ಬಂತು. ಮಧ್ಯಾಹ್ನ ಹನ್ನೆರಡಕ್ಕೆ ಏಕಲ್ಲ ಎಂದು ಅಮ್ಮ ಕೇಳಿದಳು. ಅಪ್ಪ ಕಾದಿದ್ದ ಪ್ರಶ್ನೆ. "ಹನ್ನೆರಡಕ್ಕೆ ಖಗೋಳದವರು ಸೂರ್ಯನನ್ನು ಅಳೆಯುವುದರಲ್ಲಿ ಇರುತ್ತಾರೆ. ಅವರಿಗೂ ಎರಡೇ ಕೈ." ಆ ಹೊತ್ತಿಗೆ ಹೊಗೆಯೆಲ್ಲ ಕರಗಿ ಹೋಗಿತ್ತು.

ಮರುವಾರ ದೋಣಿ ಹಿಡಿದು ದ್ವೀಪಕ್ಕೇ ಹೋದೆವು. ದೂರದಿಂದ ಮುದ್ದಾಗಿ ಕಾಣುವ ಜಾಗ ಹತ್ತಿರದಿಂದ ಗಂಟುಮುಖದ್ದು. ಇಲ್ಲಿನ ಮೂಲನಿವಾಸಿಗಳು ಅದನ್ನು ಮತ್ತೆವಾನ್ಯೆ ಎನ್ನುತ್ತಿದ್ದರಂತೆ. ಆಗ ಅದು ಹದಿನೈದು ಮೀಟರ್ ಎತ್ತರದ ಬಂಡೆ. 1788ರಲ್ಲಿ ಬ್ರಿಟಿಷರು ಬಂದಿಳಿದ ತಿಂಗಳೊಪ್ಪತ್ತಿನಲ್ಲೇ ಥಾಮಸ್ ಹಿಲ್ ಎಂಬ ಕೈದಿಯನ್ನು ಕಬ್ಬಿಣದ ಸರಪಳಿ ತೊಡಿಸಿ, ಬರೀ ಬ್ರೆಡ್ಡು ನೀರು ಕೊಟ್ಟು ವಾರವಿಡೀ ಅಲ್ಲಿ ಬಿಟ್ಟರು. ಹೊಟ್ಟೆ ಚಿವುಟುವ ಜಾಗ ಎಂಬ ಅರ್ಥದ ಹೆಸರು ಹಾಗೆ ಅಂಟಿತು ಎನ್ನುತ್ತಾರೆ. 1796ರಲ್ಲಿ ಕೊಲೆಗಾರ ಫ್ರಾನ್ಸಿಸ್ ಮಾರ್ಗನ್‌ನನ್ನು ನೇಣಿಗೆ ಹಾಕಿ, ಬಂದರಿಗೆ ಬರುವವರೆಲ್ಲ ನೋಡಲಿ ಎಂದು ಅವನ ದೇಹವನ್ನು ಇಲ್ಲಿ ಸರಪಳಿಯಲ್ಲಿ ತೂಗುಬಿಟ್ಟರು. ಮಾರ್ಗದರ್ಶಕಿ ಇದನ್ನು ನಗುನಗುತ್ತಾ ಹೇಳಿದಳು. ದಿನಕ್ಕೆ ನಾಲ್ಕು ಸಲ ಹೇಳಿ ಹೇಳಿ ಹಾಗಾಗಿರಬೇಕು. ಅಮ್ಮ ಮಾತ್ರ ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡು, "ತಿರುಗಿ ಹೋಗುವ ದೋಣಿ ಎಷ್ಟು ಹೊತ್ತಿಗೆ" ಎಂದಳು.

ಕೋಟೆಯ ಕಥೆ ಇನ್ನೂ ಸ್ವಾರಸ್ಯದ್ದು. 1839ರಲ್ಲಿ ಒಂದು ರಾತ್ರಿ ಅಮೆರಿಕದ ಎರಡು ಯುದ್ಧನೌಕೆಗಳು ಯಾರಿಗೂ ತಿಳಿಯದ ಹಾಗೆ ಬಂದರಿನ ಒಳಕ್ಕೆ ಬಂದು, ಬೆಳಿಗ್ಗೆ ಊರಿನವರು ಕಣ್ಣುಜ್ಜಿಕೊಂಡು ನೋಡುವಾಗ ಲಂಗರು ಹಾಕಿ ನಿಂತಿದ್ದವು. ಬಂದವರು ಸ್ನೇಹಿತರು, ಸರಿ. ಶತ್ರುಗಳಾಗಿದ್ದರೆ? ಬಂಡೆಯನ್ನು ಕೋಟೆ ಮಾಡುವ ಕೆಲಸ 1841ರಲ್ಲಿ ಶುರುವಾಯಿತು. ಕೈದಿಗಳು ಬಂಡೆಯನ್ನು ಕಡಿದು ನೀರಿನ ಮಟ್ಟಕ್ಕೆ ತಂದರು, ಆ ಕಲ್ಲು ದಡದ ಸರ್ಕ್ಯುಲರ್ ಕೀ ಕಟ್ಟಲು ಹೋಯಿತು. ಆಮೇಲೆ ಕೆಲಸ ನಿಂತಿತು. ಸರ್ಕಾರಿ ಕೆಲಸ ಎಲ್ಲ ಕಡೆಯೂ ಹೀಗೆಯೇ ಎಂದು ಅಪ್ಪನಿಗೆ ಸಮಾಧಾನವಾಯಿತು. ಕ್ರಿಮಿಯಾ ಯುದ್ಧದ ಹೊತ್ತಿಗೆ ರಷ್ಯದ ನೌಕೆಗಳು ಬಂದಾವು ಎಂಬ ಭಯ ಹುಟ್ಟಿ 1855ರಲ್ಲಿ ಮತ್ತೆ ಕೈಹಚ್ಚಿದರು. ಎದುರು ದಡದ ಕುರಾಬಾ ಪಾಯಿಂಟ್‌ನಿಂದ 8,000 ಟನ್ ಮರಳುಗಲ್ಲು ತಂದು ಮಾರ್ಟೆಲ್ಲೋ ಎಂಬ ದಪ್ಪ ಗೋಡೆಯ ದುಂಡು ಕಾವಲುಗೋಪುರದ ಮಾದರಿಯಲ್ಲಿ ಇದನ್ನು ಕಟ್ಟಿದರು. ಆಸ್ಟ್ರೇಲಿಯದಲ್ಲಿ ಇಂಥದ್ದು ಇದೊಂದೇ. ಮುಗಿದದ್ದು 1857ರ ನವೆಂಬರಿನಲ್ಲಿ. ಅಷ್ಟರಲ್ಲಿ ಕ್ರಿಮಿಯಾದ ಯುದ್ಧವೂ ಮುಗಿದಿತ್ತು, ಫಿರಂಗಿಗಳು ಎಷ್ಟು ಸುಧಾರಿಸಿದ್ದವೆಂದರೆ ಇಂಥ ದಪ್ಪ ಗೋಡೆಯ ಗೋಪುರಗಳ ಕಾಲವೂ ಮುಗಿಯುತ್ತಾ ಬಂದಿತ್ತು.

ಗೋಡೆಯ ಕಲ್ಲನ್ನು ಅಪ್ಪ ಉಗುರಿನಿಂದ ಕೆರೆದು ನೋಡಿದರು. ಜೇನುಗೂಡಿನ ಹಾಗೆ ತೂತು ತೂತಾಗಿ ಉಪ್ಪುಗಾಳಿ ತಿಂದಿದೆ. ಬೆರಳ ತುದಿಗೆ ಹಳದಿ ಮರಳು ಅಂಟಿತು. "ನಮ್ಮ ಚಿರೇಕಲ್ಲೇ ವಾಸಿ" ಎಂದು ಮೆಲ್ಲಗೆ ಹೇಳಿದರು, ಕಲ್ಲಿಗೆ ಬೇಸರವಾದೀತು ಎನ್ನುವ ಹಾಗೆ.

ಒಳಗಿನ ತಿರುಗುಮೆಟ್ಟಿಲು ಕಿರಿದು. ಅಪ್ಪನ ಮಂಡಿನೋವಿಗೆ ಹೇಳಿಸಿದ್ದಲ್ಲ. ಒಂದೊಂದೇ ಮೆಟ್ಟಿಲಿಗೆ ನಿಂತು ಹತ್ತಿದರು, ಹಿಂದೆ ಇಡೀ ಪ್ರವಾಸಿ ತಂಡ ಸಾಲುಗಟ್ಟಿ ಕಾಯಿತು. ಮೇಲಿನ ಕೋಣೆಯಲ್ಲಿ ಎಂಟು ಇಂಚಿನ ಮೂರು ಫಿರಂಗಿಗಳಿವೆ. ಕಟ್ಟುವಾಗಲೇ ಒಳಗಿಟ್ಟು, ಆಮೇಲೆ ಮೇಲಿನ ಕಟ್ಟಡ ಮುಗಿಸಿದ್ದರಿಂದ ಅವುಗಳನ್ನು ಹೊರಗೆ ತೆಗೆಯಲು ದಾರಿಯೇ ಇಲ್ಲ. ಅಪ್ಪ ತುಂಬಾ ಹೊತ್ತು ನಕ್ಕರು. ತೊಟ್ಟಿಲೊಳಗಿನ ಕೂಸಿಗೆ ಹೊರಗೆ ಬರಲು ಬಾರದ ಹಾಗೆ ಕೂತಿವೆ, ಶತ್ರುವಿನ ಮೇಲೆ ಒಂದೂ ಗುಂಡು ಹಾರಿಸಲಿಲ್ಲ.

ಗುಂಡು ಬಿದ್ದದ್ದು ಕೋಟೆಯ ಮೇಲೆಯೇ. 1942ರ ಮೇ 31ರ ರಾತ್ರಿ ಜಪಾನಿನ ಮೂರು ಗಿಡ್ಡ ಜಲಾಂತರ್ಗಾಮಿಗಳು ಬಂದರಿಗೆ ನುಗ್ಗಿದವು. ಹತ್ತಿರದ ನೌಕಾನೆಲೆಯಲ್ಲಿದ್ದ ಕಟ್ಟಬುಲ್ ಎಂಬ ಹಡಗು ಮುಳುಗಿ 21 ನಾವಿಕರು ಸತ್ತರು. ಆ ಗದ್ದಲದಲ್ಲಿ ಅಮೆರಿಕದ ಯುಎಸ್‌ಎಸ್ ಚಿಕಾಗೋ ನೌಕೆ ಹಾರಿಸಿದ ಐದು ಇಂಚಿನ ಶೆಲ್ ಒಂದು ಗೋಪುರಕ್ಕೆ ತಾಗಿತು. ಗಾಯದ ಗುರುತು ಇನ್ನೂ ಇದೆ. ಅಮೆರಿಕದ ಹಡಗುಗಳ ಭಯಕ್ಕೆ ಶುರುವಾದ ಕೋಟೆ, ನೂರು ವರ್ಷ ಬಿಟ್ಟು ಅಮೆರಿಕದ ಹಡಗಿನಿಂದಲೇ ಪೆಟ್ಟು ತಿಂದಿತು, ಅದೂ ಸ್ನೇಹಿತನಾಗಿದ್ದಾಗ. ಆ ವರ್ಷ ಒಂದು ಗಂಟೆಯ ತೋಪನ್ನೂ ನಿಲ್ಲಿಸಿದರು. ದಿಗಿಲಿನಲ್ಲಿದ್ದ ಜನ ಅದನ್ನೇ ದಾಳಿ ಎಂದುಕೊಂಡಾರು ಎಂದು. ಮತ್ತೆ ಹಾರಿದ್ದು 1986ರಲ್ಲಿ.

ನಡುವೆ ಅಪ್ಪ ಒಂದು ಪ್ರಶ್ನೆ ಕೇಳಿ ಮಾರ್ಗದರ್ಶಕಿಯನ್ನು ಬೆಚ್ಚಿಬೀಳಿಸಿದರು. "ಈ ಡೆನಿಸನ್ ಆಮೇಲೆ ಎಲ್ಲಿಗೆ ಹೋದ?" ಆಕೆಗೆ ಗೊತ್ತಿರಲಿಲ್ಲ. ಅಪ್ಪನಿಗೆ ಗೊತ್ತಿತ್ತು. ಗೊತ್ತಿಲ್ಲದ ಪ್ರಶ್ನೆಯನ್ನು ಅವರು ಕೇಳುವುದು ಕಡಿಮೆ. ಸರ್ ವಿಲಿಯಂ ಡೆನಿಸನ್ ಇಲ್ಲಿ ಗವರ್ನರಿಕೆ ಮುಗಿಸಿ 1861ರಲ್ಲಿ ನೇರ ಮದ್ರಾಸಿಗೆ ಗವರ್ನರಾಗಿ ಬಂದರು. 1863ರ ಕೊನೆಯಲ್ಲಿ ವೈಸರಾಯ್ ಎಲ್ಗಿನ್ ತೀರಿಕೊಂಡಾಗ ಕೆಲವು ವಾರ ಹಂಗಾಮಿ ವೈಸರಾಯ್ ಕೂಡ ಆಗಿದ್ದರು. ಅವರು ಮದ್ರಾಸಿಗೆ ಬಂದಾಗ ನಮ್ಮ ಕಾರವಾರ ಇನ್ನೂ ಮದ್ರಾಸ್ ಪ್ರಾಂತ್ಯದಲ್ಲಿತ್ತು. ಧಾರವಾಡದ ಹತ್ತಿಯನ್ನು ಹಡಗಿಗೇರಿಸಲು ಕಾರವಾರಕ್ಕೆ ಬಂದರು ಬೇಕೆಂಬ ಗಲಾಟೆ ಜೋರಾಗಿದ್ದ ದಿನಗಳು ಅವು. 1862ರಲ್ಲಿ ಉತ್ತರ ಕನ್ನಡವನ್ನು ಮುಂಬಯಿಗೆ ಸೇರಿಸಿದರು. ಕಾರವಾರದ ಎದುರಿನ ದೇವಗಡ ದ್ವೀಪದ ನಮ್ಮ ದೀಪಸ್ತಂಭ 1864ರದು. "ಅಂದರೆ ಒಂದು ವರ್ಷ ಚಿಲ್ಲರೆ ನಮ್ಮೂರಿಗೂ ಇವನೇ ಯಜಮಾನ" ಎಂದು ಅಪ್ಪ ಗೋಪುರದ ಗೋಡೆಯನ್ನು ತಟ್ಟಿದರು. ಆಕೆ ಅದನ್ನೆಲ್ಲ ಚೀಟಿಯಲ್ಲಿ ಬರೆದುಕೊಂಡಳು. ಆಮೇಲೆ ದಿನಕ್ಕೆ ನಾಲ್ಕು ಸಲ ಹೇಳಿರಬಹುದು.

ಇಷ್ಟಾದರೂ ಅಪ್ಪ ಬಂದದ್ದು ಫಿರಂಗಿ ನೋಡಲು ಅಲ್ಲ ಎಂದು ನನಗೆ ಆಮೇಲೆ ಗೊತ್ತಾಯಿತು. ಸಿಡ್ನಿಯ ಉಬ್ಬರ ಇಳಿತದ ಪಟ್ಟಿ ತೆಗೆದರೆ ಮೇಲೆ ಬರೆದಿರುವ ಹೆಸರು ಫೋರ್ಟ್ ಡೆನಿಸನ್. ಬೇರೆ ಕೊಲ್ಲಿ, ಹೊಳೆಬಾಯಿಗಳಿಗೆಲ್ಲ ಇಲ್ಲಿನ ಗಂಟೆಗೆ ಇಷ್ಟು ನಿಮಿಷ ಸೇರಿಸಿಕೊಳ್ಳಿ ಎಂದಿರುತ್ತದೆ. ಈ ದ್ವೀಪದಲ್ಲಿ 1886ರಿಂದ ನೀರಿನ ಮಟ್ಟ ಅಳೆಯುತ್ತಿದ್ದಾರೆ. 1914ರಿಂದ ಗಂಟೆ ಗಂಟೆಯ ಲೆಕ್ಕವಿದೆ. ಸಮುದ್ರ ಏರುತ್ತಿದೆಯೇ ಎಂದು ನೋಡುವ ವಿಜ್ಞಾನಿಗಳು ಹುಡುಕಿಕೊಂಡು ಬರುವ ದಾಖಲೆ ಅದು. ಪಟ್ಟಿಯನ್ನು ನಾನು ಮನೆಯ ಫ್ರಿಜ್ಜಿಗೆ ಅಂಟಿಸಿದ್ದೆ, ಮಗನ ಮೀನುಗಾಳದ ಹುಚ್ಚಿಗೆ. ಅಪ್ಪ ಅದನ್ನು ಮೊದಲ ದಿನವೇ ಓದಿದ್ದರು.

ಮಾಪಕದ ಮುಂದೆ ಬಂದಾಗ ತಂಡದ ಉಳಿದವರು ಕಾಫಿಯ ಕಡೆ ಹೊರಟಿದ್ದರು. ಅಪ್ಪ ಕನ್ನಡಕ ಒರೆಸಿಕೊಂಡು ನಿಂತರು. ಹಳೆಯ ಕಾಲದ ಮಾಪಕ ಹೇಗೆ ಕೆಲಸ ಮಾಡುತ್ತದೆ ಎಂದು ಅಮ್ಮನಿಗೆ ಹೇಳತೊಡಗಿದರು. ನಲವತ್ತೈದು ವರ್ಷದ ಸಂಸಾರದಲ್ಲಿ ಇದನ್ನು ಮೊದಲ ಸಲ ಹೇಳುತ್ತಿದ್ದಾರೆಂದು ಆಕೆಯ ಮುಖ ನೋಡಿದರೆ ತಿಳಿಯುತ್ತಿತ್ತು. ನೀರಿನೊಳಕ್ಕೆ ನೆಟ್ಟಗೆ ಇಳಿಬಿಟ್ಟ ಕೊಳವೆ. ಅದರ ತಳದಲ್ಲಿ ಸಣ್ಣ ತೂತು. ತೂತು ಸಣ್ಣದಿರುವುದರಿಂದ ಹೊರಗೆ ಅಲೆ ಎಷ್ಟೇ ಕುಣಿದರೂ ಕೊಳವೆಯ ಒಳಗೆ ನೀರು ಸದ್ದಿಲ್ಲದೆ ಏರುತ್ತದೆ, ಇಳಿಯುತ್ತದೆ. ಆ ನೀರಿನ ಮೇಲೆ ತೇಲುವ ಬುರುಡೆ, ಬುರುಡೆಗೆ ತಂತಿ, ತಂತಿ ರಾಟೆಯ ಮೇಲೆ ಹಾದು ಪೆನ್ಸಿಲಿಗೆ. ಪೆನ್ಸಿಲಿನ ಮುಂದೆ ಕಾಗದ ಸುತ್ತಿದ ಉರುಳೆ. ಉರುಳೆಯನ್ನು ಗಡಿಯಾರ ತಿರುಗಿಸುತ್ತದೆ.

"ಅಷ್ಟೆಯೇ?" ಎಂದಳು ಅಮ್ಮ.

"ಅಷ್ಟೇ. ಆದರೆ ಆ ಗಡಿಯಾರ ಹಿಂದೆ ಬಿದ್ದರೆ ಗೆರೆ ಹಿಂದೆ ಬೀಳುತ್ತದೆ. ದಿನಾ ಹೋಗಿ ಕೈಗಡಿಯಾರ ನೋಡಿ ಕಾಗದದ ಮೇಲೆ ಗುರುತು ಹಾಕಬೇಕು."

ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅದಕ್ಕಾಗಿಯೇ ನಾನು ಅಷ್ಟು ವರ್ಷ ಕುಕ್ಕರ್ ಸೀಟಿ ಕಾದದ್ದೋ" ಎಂದಳು.

1974ರ ಮೇ ತಿಂಗಳ ಬಿರುಗಾಳಿಯಲ್ಲಿ ಇಲ್ಲಿ ನೀರು 2.37 ಮೀಟರಿಗೆ ಏರಿತ್ತು ಎಂದು ನಾನು ಓದಿದ್ದನ್ನು ಹೇಳಿದೆ. ಅಪ್ಪ ತಲೆಯಾಡಿಸಲಿಲ್ಲ. "ಆ ರಾತ್ರಿ ಇಲ್ಲಿ ಯಾರ ಪಾಳಿ ಇತ್ತೋ" ಎಂದರು. ಮಾಪಕದ ಗಾಜಿಗೆ ಅವರ ಉಸಿರು ತಾಗಿ ಮಬ್ಬಾಯಿತು, ಅಂಗಿಯ ತೋಳಿನಿಂದ ಒರೆಸಿದರು.

ಒಂದು ಗಂಟೆಗೆ ತೋಪು ಹತ್ತಿರದಿಂದ ನೋಡಿದೆವು. ಕಿವಿ ಮುಚ್ಚಿಕೊಳ್ಳಿ ಎಂದು ಹೇಳಿದ್ದರು, ಎಲ್ಲರೂ ಮುಚ್ಚಿಕೊಂಡರು. ಅಪ್ಪನ ಎರಡೂ ಕೈಗೆ ಕೆಲಸವಿತ್ತು, ಎಡಗೈಯಲ್ಲಿ ವಾಚು, ಬಲಗೈಯಲ್ಲಿ ಕೀಲಿ. ಅಮ್ಮ ಹಿಂದಿನಿಂದ ಬಂದು ತನ್ನ ಅಂಗೈಗಳಿಂದ ಅವರ ಕಿವಿ ಮುಚ್ಚಿದಳು. ಆಕೆಯ ಕಿವಿಯನ್ನು ಯಾರೂ ಮುಚ್ಚಲಿಲ್ಲ. ದೋಣಿಯಲ್ಲಿ ತಿರುಗಿ ಬರುವವರೆಗೂ "ಏನು? ಏನಂದೆ?" ಎನ್ನುತ್ತಿದ್ದಳು.

ದೀಪದ ವಿಷಯ ಉಳಿಯಿತು. ಕೋಟೆ ಮುಗಿದ ಮರುವರ್ಷ, 1858ರಲ್ಲೇ ಇಲ್ಲಿ ದೀಪ ಇಟ್ಟಿದ್ದರು. ಈಗಿರುವುದು 1913ರದು. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ತಯಾರಾಗಿ ಹಡಗಿನಲ್ಲಿ ಬಂದು, ಗೋಪುರದ ನೆತ್ತಿಯ ಮೇಲೆ ಫಿರಂಗಿ ಇದ್ದ ಜಾಗದಲ್ಲಿ ಕೂತಿತು. ಹಗಲು ನೋಡಿದ್ದು ಬರೀ ಗಾಜು ಮತ್ತು ಲೋಹ. ಅಪ್ಪನಿಗೆ ಅದು ಉರಿಯುವುದನ್ನು ನೋಡಬೇಕಿತ್ತು. ಕೊನೆಯ ದೋಣಿ ಸಂಜೆಗೆ ಮುಂಚೆಯೇ ಹೊರಡುತ್ತಿದ್ದುದರಿಂದ ಮತ್ತೆ ಮಿಸೆಸ್ ಮೆಕ್ವಾರಿಯ ಕುರ್ಚಿಯ ಹತ್ತಿರವೇ ಬಂದು ಕತ್ತಲಾಗುವುದನ್ನು ಕಾದೆವು. ಡಿಸೆಂಬರ್ ಇಲ್ಲಿ ಬೇಸಿಗೆ, ಎಂಟು ಗಂಟೆಯಾದರೂ ಬೆಳಕು ಹೋಗುವುದಿಲ್ಲ. ಅಮ್ಮ ಸೀರೆಯ ಮೇಲೆ ನನ್ನ ಸ್ವೆಟರ್ ತೊಟ್ಟು ತೂಕಡಿಸಿದಳು.

ಕಾರವಾರದ ಕಡಲದಂಡೆಯಲ್ಲಿ ನಿಂತರೆ ದೇವಗಡದ ದೀಪವನ್ನು ಹುಡುಕಬೇಕಿಲ್ಲ. ನಾನು ಚಿಕ್ಕವಳಿದ್ದಾಗ ಆ ದಿಕ್ಕಿನಲ್ಲಿ ಕತ್ತಲೆ ಬಿಟ್ಟರೆ ಅದೊಂದೇ ಇತ್ತು. ಇಲ್ಲಿ ಹಾಗಲ್ಲ. ಸೇತುವೆಗೆ ದೀಪ, ಒಪೆರಾ ಹೌಸಿಗೆ ದೀಪ, ಎದುರು ದಡದ ಪ್ರತಿ ಮನೆಯ ಕಿಟಕಿಗೆ ದೀಪ, ಹೋಗಿಬರುವ ದೋಣಿಗಳಲ್ಲಿ ಕುಣಿಯುವವರ ದೀಪ. ನಾನು ಹತ್ತು ನಿಮಿಷ ಹುಡುಕಿ ಸೋತೆ. ಕೆಟ್ಟುಹೋಗಿರಬೇಕು ಎಂದೆ.

ಅಪ್ಪ ಕೊಡೆ ಬಿಚ್ಚಿದರು. ಮಳೆಯ ಸುಳಿವೂ ಇರಲಿಲ್ಲ. ಕೊಡೆಯನ್ನು ಎಡಕ್ಕೆ ವಾಲಿಸಿ ಊರಿನ ಬೆಳಕನ್ನು ಮರೆಮಾಡಿ, ಬಲಗೈಯನ್ನು ಹುಬ್ಬಿಗೆ ಹಿಡಿದು ನೀರಿನ ಮೇಲೆಯೇ ಕಣ್ಣಿಟ್ಟು ನಿಂತರು. ವ್ಯಾಯಾಮಕ್ಕೆ ಓಡುತ್ತಿದ್ದವರು ಒಬ್ಬಿಬ್ಬರು ತಿರುಗಿ ನೋಡಿದರು. ಒಂದು ದೊಡ್ಡ ದೋಣಿ ದ್ವೀಪದ ಮುಂದೆ ಹಾದು ಹೋಗುವವರೆಗೆ ಕಾದರು.

"ಅದು" ಎಂದರು.

ನಾನು ಕೊಡೆಯ ಕೆಳಗೆ ತಲೆ ತೂರಿಸಿದೆ. ಇತ್ತು. ಸಣ್ಣದು, ಗೋಪುರದ ಕಪ್ಪು ಆಕಾರದ ಮೇಲೆ. ಅಮ್ಮನನ್ನು ಎಬ್ಬಿಸಿದೆವು. ಆಕೆ ನೋಡಿ, "ಹೌದು, ಹೌದು" ಎಂದಳು. ಆಕೆಗೆ ನಿಜವಾಗಿ ಕಂಡಿತೋ, ಮನೆಗೆ ಹೊರಡುವ ಆತುರವೋ ಗೊತ್ತಿಲ್ಲ. ಅಪ್ಪ ಜೇಬಿನಿಂದ ಪುಟ್ಟ ಪುಸ್ತಕ ತೆಗೆದು ಬರೆದುಕೊಳ್ಳತೊಡಗಿದರು. ಮೊಬೈಲಿನ ಬೆಳಕು ಹಿಡಿದೆ. ತಾರೀಕು, ಜಾಗ, ಆಕಾಶ ಶುಭ್ರ, ದೀಪ ಕಂಡ ಗಂಟೆ. ಗಂಟೆಯ ಮುಂದೆ ಆವರಣದಲ್ಲಿ, ಮಧ್ಯಾಹ್ನ ಒಂದರಿಂದ ಆ ಹೊತ್ತಿಗೆ ವಾಚು ಎಷ್ಟು ಹಿಂದೆ ಬಿದ್ದಿರಬಹುದು ಎಂದು ಲೆಕ್ಕ ಹಾಕಿ, ಸೇರಿಸಬೇಕಾದ ಸೆಕೆಂಡುಗಳನ್ನೂ ಬರೆದರು. ನಾಲ್ಕು.